ತಿದ್ದಲು ಹೋಗಿ ಕುಸಿದ ಕಥೆ

2010ರ ಸೆಪ್ಟೆಂಬರ್ 23ರಂದು ಬಹಳ ಮಂದಿಗೆ ಸುಮಾರು ಎರಡೂವರೆ ತಾಸು ಫೇಸ್‌ಬುಕ್ ಸಿಗಲೇ ಇಲ್ಲ. ತಪ್ಪು ಕಂಡರೆ ತಾನೇ ತಿದ್ದಲೆಂದು ಎಂಜಿನಿಯರುಗಳು ಬರೆದಿಟ್ಟ ಪ್ರೋಗ್ರಾಮೇ ಅದನ್ನು ಮಲಗಿಸಿತ್ತು.

ಇದು ಅರ್ಥವಾಗಬೇಕಾದರೆ ಏಳು ವರ್ಷ ಹಿಂದಕ್ಕೆ, ಅಮೆರಿಕದ ಲೈವ್‌ಜರ್ನಲ್ ಎಂಬ ತಾಣದತ್ತ ಹೋಗಬೇಕು. ಬ್ರ್ಯಾಡ್ ಫಿಟ್ಜ್‌ಪ್ಯಾಟ್ರಿಕ್ 1999ರಲ್ಲಿ ಶುರು ಮಾಡಿದ ಈ ದಿನಚರಿ ತಾಣಕ್ಕೆ ಜನ ಮುಗಿಬಿದ್ದಿದ್ದರು. ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುವವರಿಗೆ ಉತ್ತರಿಸಿ ಡೇಟಾಬೇಸ್ ಏದುಸಿರು ಬಿಡುತ್ತಿತ್ತು. ಪಕ್ಕದ ಸರ್ವರ್‌ಗಳಲ್ಲಿ ಮೆಮೊರಿ ಖಾಲಿ ಬಿದ್ದಿತ್ತು. ಆ ಖಾಲಿ ಜಾಗವನ್ನೆಲ್ಲ ಒಟ್ಟುಗೂಡಿಸಿ, ಒಮ್ಮೆ ತಂದ ಉತ್ತರವನ್ನು ಅಲ್ಲೇ ಇಟ್ಟುಕೊಳ್ಳುವ ಮೆಮ್‌ಕ್ಯಾಶ್‌ಡಿಯನ್ನು ಆತ 2003ರಲ್ಲಿ ಬರೆದ. ಮೊದಲು ಪರ್ಲ್ ಭಾಷೆಯಲ್ಲಿದ್ದ ಅದನ್ನು ಬಳಿಕ ಅನಟೋಲಿ ವೊರೊಬೆ ಸಿ ಭಾಷೆಗೆ ತಂದ. ಮುಂದೆ ಫೇಸ್‌ಬುಕ್ ಕೂಡ ಇದನ್ನೇ ನೆಚ್ಚಿಕೊಂಡಿತು.

ಲೆಕ್ಕ ಸರಳ. ಮೊದಲು ಕ್ಯಾಶ್‌ನಲ್ಲಿ, ಅಂದರೆ ಉತ್ತರ ಇಟ್ಟುಕೊಂಡ ಆ ಮೆಮೊರಿಯಲ್ಲಿ, ಹುಡುಕು. ಸಿಗದಿದ್ದರೆ ಡೇಟಾಬೇಸನ್ನು ಕೇಳಿ, ಒಂದು ಪ್ರತಿಯನ್ನು ಕ್ಯಾಶ್‌ನಲ್ಲಿಡು. ನೂರರಲ್ಲಿ 99 ಪ್ರಶ್ನೆ ಅಲ್ಲೇ ತೀರಿದರೆ ಡೇಟಾಬೇಸಿಗೆ ಹೋಗುವುದು ಒಂದೇ. ಅದು 98ಕ್ಕೆ ಇಳಿದರೆ? ಕ್ಯಾಶ್ ನೋಡಿಕೊಳ್ಳುವವರ ಕಣ್ಣಿಗೆ ಅಲ್ಪ ವ್ಯತ್ಯಾಸ. ಡೇಟಾಬೇಸಿಗೆ ದುಪ್ಪಟ್ಟು ಹೊರೆ. ವೇಗಕ್ಕೆಂದು ತಂದ ಕ್ಯಾಶ್ ಇಲ್ಲದೆ ತಾಣವೇ ನಿಲ್ಲದು ಎಂಬ ಹಂತ ಯಾವಾಗ ಬಂತೆಂಬುದು ಅನೇಕ ಕಡೆ ಯಾರ ಗಮನಕ್ಕೂ ಬಂದಿರುವುದಿಲ್ಲ.

ಆ ದಿನ ಫೇಸ್‌ಬುಕ್‌ನ ಒಂದು ಸೆಟ್ಟಿಂಗ್ ಬದಲಾಗಿತ್ತು. ಕ್ಯಾಶ್‌ನಲ್ಲಿ ತಪ್ಪು ಸೆಟ್ಟಿಂಗ್ ಕಂಡರೆ ಡೇಟಾಬೇಸಿನ ಮೂಲ ಪ್ರತಿಯಿಂದ ಸರಿಯಾದುದನ್ನು ತರುವುದು ತಾನೇ ತಿದ್ದುವ ಆ ಪ್ರೋಗ್ರಾಮಿನ ಕೆಲಸ. ಈ ಸಲ ಮೂಲ ಪ್ರತಿಯೇ ಅದಕ್ಕೆ ತಪ್ಪಾಗಿ ಕಂಡಿತು! ಸರ್ವರ್‌ಗಳೆಲ್ಲ ಒಟ್ಟಿಗೇ ಡೇಟಾಬೇಸಿಗೆ ಮುತ್ತಿಗೆ ಹಾಕಿದವು, ಸೆಕೆಂಡಿಗೆ ಲಕ್ಷಗಟ್ಟಲೆ ಪ್ರಶ್ನೆ. ತಾಳಲಾರದೆ ಡೇಟಾಬೇಸ್ ಎರರ್ ಕೊಟ್ಟರೆ, ಅದನ್ನೂ ತಪ್ಪು ಸೆಟ್ಟಿಂಗ್ ಎಂದೇ ಬಗೆದು, ಕ್ಯಾಶ್‌ನಲ್ಲಿದ್ದುದನ್ನು ಅಳಿಸಿ ಮತ್ತೆ ಕೇಳಿದವು. ಮೂಲದ ತಪ್ಪನ್ನು ತಿದ್ದಿದ ಮೇಲೂ ಸುಳಿ ನಿಲ್ಲಲಿಲ್ಲ. ಬಿಡಿಯಾಗಿ ನೋಡಿದರೆ ಪ್ರತಿ ಸರ್ವರೂ ಹೇಳಿದ ಕೆಲಸವನ್ನು ಚಾಚೂ ತಪ್ಪದೆ ಮಾಡುತ್ತಿತ್ತು. ತಪ್ಪಿತಸ್ಥ ಯಂತ್ರವನ್ನು ಹುಡುಕಿ ಹೊರಟವರಿಗೆ ಇಲ್ಲಿ ಏನೂ ಸಿಗುತ್ತಿರಲಿಲ್ಲ. ಕೊನೆಗೆ ಆ ಡೇಟಾಬೇಸ್‌ಗಳತ್ತ ಹೋಗುವ ದಟ್ಟಣೆಯನ್ನೆಲ್ಲ ತಡೆದರು, ಅಂದರೆ ತಾಣವನ್ನೇ ಆರಿಸಿದರು. ಚೇತರಿಸಿಕೊಂಡ ಮೇಲೆ ಬಳಕೆದಾರರನ್ನು ಸ್ವಲ್ಪಸ್ವಲ್ಪವೇ ಒಳಬಿಟ್ಟರು. ತಿದ್ದುವ ಪ್ರೋಗ್ರಾಮನ್ನು ಬಂದ್ ಮಾಡಿದರು.

ಒಟ್ಟಿಗೇ ನುಗ್ಗುವ ಇಂಥ ಕಾಟಕ್ಕೆ ಫೇಸ್‌ಬುಕ್ ಕಂಡುಕೊಂಡ ಒಂದು ಮದ್ದು, ರಾಜೇಶ್ ನಿಷ್ಟಲಾ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿದೆ. ಕ್ಯಾಶ್‌ನಲ್ಲಿಲ್ಲದ ಮಾಹಿತಿಯನ್ನು ಎಷ್ಟು ಸರ್ವರ್ ಕೇಳಿದರೂ, ಅದನ್ನು ಡೇಟಾಬೇಸಿನಿಂದ ತರುವ ಟೋಕನ್ ಸಿಗುವುದು ಒಂದಕ್ಕೇ; ಅದೇ ಮಾಹಿತಿಗೆ ಮುಂದಿನ ಟೋಕನ್ ಹತ್ತು ಸೆಕೆಂಡಿನ ನಂತರ. ಉಳಿದವು ತುಸು ಕಾಯಬೇಕು. ಅಷ್ಟರಲ್ಲಿ ಸಾಮಾನ್ಯವಾಗಿ ಉತ್ತರ ಕ್ಯಾಶ್‌ಗೆ ಬಂದಿರುತ್ತದೆ. ನೂಕುನುಗ್ಗಲಿಗೆ ಹೆಚ್ಚು ಈಡಾಗುವ ಮಾಹಿತಿಯ ಮೇಲೆ ಪರೀಕ್ಷಿಸಿದಾಗ, ಸೆಕೆಂಡಿಗೆ 17,000ದವರೆಗೆ ಏರುತ್ತಿದ್ದ ಡೇಟಾಬೇಸ್ ಪ್ರಶ್ನೆಗಳು 1,300ಕ್ಕೆ ಇಳಿದವು.