ಕಥೆ, ಚಿತ್ರ ಮತ್ತು ಅಧ್ಯಾಪಕರ ತರಬೇತಿ

ಅಧ್ಯಾಪಕರ ತರಬೇತಿಯಲ್ಲಿ ಸಾಹಿತ್ಯಕ್ಕೊಂದು ಪೀರಿಯಡ್, ಚಿತ್ರಕಲೆಗೊಂದು ಪೀರಿಯಡ್ ಎಂದು ವಿಂಗಡಿಸುವುದು ಬಹುಕಾಲದ ರೂಢಿ. ನಾನು ತರಬೇತಿ ಪಡೆದಾಗ ಹೂಜಿಯನ್ನೂ ಬಾಳೆಗೊನೆಯನ್ನೂ ನೋಡಿ ಬರೆದೆವು. ಬಾಲಸಾಹಿತ್ಯದ ಲಕ್ಷಣಗಳನ್ನು ಟಿಪ್ಪಣಿ ಮಾಡಿಕೊಂಡೆವು. ಒಂದು ಕಥೆಗೆ ಚಿತ್ರ ಬರೆದು ಅದನ್ನು ಮಗುವಿನ ಕೈಗೆ ಕೊಡುವ ಪ್ರಸಂಗ ಮಾತ್ರ ವರ್ಷವಿಡೀ ಒದಗಲಿಲ್ಲ.

ಇವೆರಡನ್ನು ಕೂಡಿಸುವುದಕ್ಕೆ ಯೋಜನಾ ಪದ್ಧತಿಯು ಅನುಕೂಲವಾದುದು. 1918ರಲ್ಲಿ ಅಮೆರಿಕದ ವಿಲಿಯಂ ಕಿಲ್‌ಪ್ಯಾಟ್ರಿಕ್ ಈ ಪದ್ಧತಿಯನ್ನು ವಿವರಿಸಿದರು. ಕಲಿಯುವವನು ತನ್ನದೆಂದು ಒಪ್ಪಿದ ಉದ್ದೇಶವೊಂದನ್ನು ಮನಃಪೂರ್ವಕವಾಗಿ ಸಾಧಿಸುತ್ತ ಕಲಿಯಬೇಕೆಂಬುದು ಅದರ ತಿರುಳು. ತರಬೇತಿಯವರಿಗೆ ತಕ್ಕ ಉದ್ದೇಶವೆಂದರೆ, ಗೊತ್ತಾದ ಒಂದು ತರಗತಿಗಾಗಿ ಒಂದು ಸಚಿತ್ರ ಪುಸ್ತಕ. ವೆಚ್ಚವೇನೂ ಹೆಚ್ಚಲ್ಲ, ದೊಡ್ಡ ಕಾಗದವೊಂದನ್ನು ಮೂರು ಸಲ ಮಡಚಿ ಕತ್ತರಿಸಿದರೆ 8 ಹಾಳೆ, 16 ಪುಟ.

ನಮ್ಮ ಮನೆಗಳಲ್ಲಿ ಹೇಳುವ ಕುಂಬಳಕಾಯಿಯ ಅಜ್ಜಿಯ ಕಥೆಯನ್ನೇ ತೆಗೆದುಕೊಳ್ಳೋಣ. ಮಗಳ ಮನೆಗೆ ಹೊರಟ ಅಜ್ಜಿಯನ್ನು ಕಾಡಿನಲ್ಲಿ ಹುಲಿ ಅಡ್ಡಗಟ್ಟುತ್ತದೆ. ಅಲ್ಲಿ ಉಂಡು ಕೊಬ್ಬಿ ಬರುವೆನೆಂದು ಹೇಳಿ ಆಕೆ ಪಾರಾಗುತ್ತಾಳೆ. ಮರಳುವಾಗ ಕುಂಬಳಕಾಯಿಯೊಳಗೆ ಕುಳಿತು ಉರುಳಿಕೊಂಡು ಬರುತ್ತಾಳೆ. ಹೊಸಬರು ಮಾತು ಹೇಳಿದ್ದನ್ನೇ ಚಿತ್ರದಲ್ಲಿಯೂ ಹೇಳುವರು. ಅದು ಪುಟಕ್ಕೆ ಅಲಂಕಾರವಾಯಿತೇ ಹೊರತು ಓದಿಗೆ ನೆರವಾಗಲಿಲ್ಲ. ಕಾಯಿ ಉರುಳಿತೆಂದಷ್ಟೇ ಬರೆದು, ಅದರ ಬಿರುಕಿನಿಂದ ಸೆರಗಿನ ತುದಿ ಇಣುಕುವಂತೆ ಚಿತ್ರಿಸಿದರೆ ಹುಲಿಗೆ ತಿಳಿಯದ ಗುಟ್ಟು ಮಗುವಿಗೆ ತಿಳಿಯುವುದು. ಆಗ ಮಗು ಪುಟವನ್ನು ತಾನೇ ತಿರುವುವುದು. ಚಿತ್ರ ಹೇಳಿದ ಮೇಲೆ ಯಾವ ವಾಕ್ಯವನ್ನು ಹೊಡೆದುಹಾಕಬೇಕೆಂಬ ವಿವೇಕವು ಉಪನ್ಯಾಸದಿಂದ ಬರತಕ್ಕದ್ದಲ್ಲ.

1930ರಲ್ಲಿ ಪ್ರಕಟವಾದ ರವೀಂದ್ರನಾಥ ಠಾಕೂರರ ಬಂಗಾಳಿ ಪ್ರಥಮ ಪಾಠಪುಸ್ತಕ ‘ಸಹಜ ಪಾಠ’ಕ್ಕೆ ನಂದಲಾಲ ಬೋಸರು ಲಿನೋಲಿಯಂ ಅಚ್ಚಿನ ಚಿತ್ರಗಳನ್ನು ರಚಿಸಿದರು. ಈ ಅಚ್ಚಿನಲ್ಲಿ ಕೆತ್ತಿ ತೆಗೆದ ಭಾಗ ಬಿಳಿಯಾಗಿಯೂ ಉಳಿದ ಭಾಗ ಕಪ್ಪಾಗಿಯೂ ಮೂಡುವುದು, ಎಡಬಲಗಳು ಅದಲುಬದಲಾಗುವುವು. (ಅಕ್ಷರಗಳನ್ನು ನೇರವಾಗಿಯೇ ಕೆತ್ತಿ ಪೇಚಿಗೆ ಸಿಕ್ಕದ ಅಧ್ಯಾಪಕರು ವಿರಳ.) ಲಿನೋಲಿಯಂ ಇಲ್ಲದಲ್ಲಿ ಆಲೂಗಡ್ಡೆಯೂ ಸಾಕು. ಅಜ್ಜಿಯ ಮುಖದ ಸುಕ್ಕುಗಳನ್ನೆಲ್ಲ ಆಲೂಗಡ್ಡೆಯಲ್ಲಿ ಕೆತ್ತಲಾಗದು. ಬಾಗಿದ ಬೆನ್ನು ಮತ್ತು ಕೋಲು ಉಳಿಯುವುವು. ಹಾಗೆ ಗೆರೆಯನ್ನು ಕಡಮೆ ಮಾಡಿದ ಕೈ ಮಾತನ್ನೂ ಕಡಮೆ ಮಾಡುವುದನ್ನು ಕಂಡಿದ್ದೇನೆ.

ನಮ್ಮ ಕಾಸರಗೋಡಿನ ಕಡೆಗೆ ಈ ಕೆಲಸದಲ್ಲಿ ಇನ್ನೊಂದು ಪ್ರಯೋಜನವಿದೆ. 1956ರಲ್ಲಿ ಈ ಸೀಮೆಯು ಕೇರಳಕ್ಕೆ ಸೇರಿತು. ಹಲವು ಮಕ್ಕಳಿಗೆ ಮನೆಯಲ್ಲಿ ತುಳು, ಬೀದಿಯಲ್ಲಿ ಮಲಯಾಳ. ಅಚ್ಚಗನ್ನಡ ಕಾಣುವುದು ಪುಸ್ತಕದಲ್ಲಿ. ಕುಂಬಳಕಾಯಿಯ ಚಿತ್ರ ತೋರಿಸಿದೊಡನೆ ಒಬ್ಬನು ‘ಕೆಂಬುಡೆ’ ಎನ್ನುವನು, ಇನ್ನೊಬ್ಬಳು ‘ಮತ್ತಂಗ’ ಎನ್ನುವಳು. ತಪ್ಪೆಂದು ಗದರಿಸದೆ, ಕೆಳಗಿನ ಕನ್ನಡ ಪದವನ್ನು ಬೆರಳಿಟ್ಟು ಓದಿಸಿದರಾಯಿತು. ಪುಸ್ತಕವನ್ನು ಹೊಲಿಯುವ ಮುನ್ನ ಮಕ್ಕಳ ಮುಂದಿಟ್ಟು ಇಂತಹ ಮಾತುಗಳನ್ನು ಕೇಳುವುದೂ ಯೋಜನೆಯ ಅಂಗವಾಗಿರಬೇಕು. ಇದಕ್ಕೆ ಅವಕಾಶ ಕೊಡದೆ ಪ್ರದರ್ಶನಕ್ಕೆಂದು ಪುಸ್ತಕ ಮಾಡಿಸುವ ತರಬೇತಿಯಿಂದ ಬಣ್ಣದ ಖರ್ಚಲ್ಲದೆ ಬೇರೆ ಫಲವಿಲ್ಲ.

ಪಂಜೆ ಮಂಗೇಶರಾಯರು (1874–1937) ಅಧ್ಯಾಪಕ ವೃತ್ತಿಯಲ್ಲಿದ್ದುಕೊಂಡೇ ಮಕ್ಕಳಿಗಾಗಿ ಬರೆದರು. ಅವರ ಪ್ರತಿಭೆ ಎಲ್ಲರಿಗೂ ಬಾರದು. ಆದರೆ ಹದಿನಾರು ಪುಟದ ಒಂದು ಪುಸ್ತಕ ಯಾವ ಅಧ್ಯಾಪಕರಿಗೂ ಅಸಾಧ್ಯವಲ್ಲ. ಅಂಕಗಳನ್ನು ಕೊಡುವವರು ಅವಸರಪಡದೆ ಪುಸ್ತಕವನ್ನು ತರಗತಿಯಲ್ಲಿಯೇ ಬಿಟ್ಟು, ಮೂರು ತಿಂಗಳ ಮೇಲೆ ಅದರ ಅಂಚು ಎಷ್ಟು ಸವೆದಿದೆಯೆಂದು ನೋಡಲಿ.