ಕಚೇರಿಗೂ ಕಾಡುದಾರಿಗೂ ಒಂದೇ ಬೈಸಿಕಲ್ಲು

ಪಟ್ಟಣವಾಸಿಗಳಾದ ಗೃಹಸ್ಥರಲ್ಲಿ ಬೈಸಿಕಲ್ ಸವಾರಿಯ ಅಭಿರುಚಿಯು ಮರಳಿ ಹುಟ್ಟಿರುವುದು ಸಂತೋಷದ ಸಂಗತಿ. ಆದರೆ ಉತ್ಸಾಹದಿಂದ ಕೊಂಡ ಗಾಡಿಗಳಲ್ಲಿ ಎಷ್ಟೋ ಗಾಡಿಗಳು ಆರು ತಿಂಗಳೊಳಗಾಗಿ ಮಹಡಿಯ ಮೆಟ್ಟಿಲ ಕೆಳಗೆ ಧೂಳು ಹಿಡಿದು ನಿಲ್ಲುವುದನ್ನೂ ನಾವು ಕಾಣುತ್ತಿರುವೆವು. ಕೊಂಡವರ ಆಲಸ್ಯವೇ ಇದಕ್ಕೆ ಕಾರಣವೆಂದು ಹೇಳುವುದು ವಾಡಿಕೆ. ನಮಗೆ ಹಾಗೆ ತೋರುವುದಿಲ್ಲ. ಮೈಗೆ ಒಗ್ಗದ, ದಾರಿಗೆ ಹೊಂದದ ಗಾಡಿಯು ಸವಾರನನ್ನು ದಿನದಿನವೂ ಸ್ವಲ್ಪಸ್ವಲ್ಪವಾಗಿ ದಂಡಿಸುವುದು. ಕಡೆಗೊಂದು ದಿನ ಆತನು ಬಸ್ಸನ್ನೇ ಹಿಡಿಯುವನು. ಒಂದು ತಿಂಗಳ ಸಂಬಳದ ದೊಡ್ಡ ಪಾಲು ಹೀಗೆ ವ್ಯರ್ಥವಾಗಬಾರದೆಂಬುದೇ ಈ ಬರಹದ ಉದ್ದೇಶ.

ಅಂಗಡಿಗಳಲ್ಲಿ ‘ಹೈಬ್ರಿಡ್’ ಎಂದು ಕರೆಯಲ್ಪಡುವ ಗಾಡಿಯು ಹೆಸರೇ ಹೇಳುವಂತೆ ಮಿಶ್ರತಳಿಯದು. ಸಣ್ಣ ಟೈರಿನ, ಬಾಗಿದ ಹ್ಯಾಂಡಲಿನ ಪಂದ್ಯದ ಬೈಸಿಕಲ್ಲು ಒಂದು ಕಡೆಯ ಪೂರ್ವಜ. 1970ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಗುಡ್ಡಗಳಲ್ಲಿ ರೂಪುಗೊಂಡ ದಪ್ಪ ಟೈರಿನ ಬೆಟ್ಟದ ಬೈಸಿಕಲ್ಲು ಇನ್ನೊಂದು ಕಡೆಯದು. ಮೊದಲನೆಯದರ ದೊಡ್ಡ ಹಗುರ ಚಕ್ರವನ್ನೂ ಎರಡನೆಯದರ ನೇರ ಹ್ಯಾಂಡಲನ್ನೂ ಸುಲಭವಾದ ಗೇರುಗಳನ್ನೂ ಇದು ಪಡೆದಿದೆ. ಡಾಂಬರು ರಸ್ತೆಯಲ್ಲಿ ಕಚೇರಿಗೆ ಹೋಗಿಬರುವುದಕ್ಕೂ ರಜಾದಿನ ಮಣ್ಣಿನ ದಾರಿ ಹಿಡಿಯುವುದಕ್ಕೂ ಇದು ತಕ್ಕುದು. ಬಂಡೆಗಳ ಮೇಲಿಂದ ಧುಮುಕುವ ಸಾಹಸಕ್ಕೆ ಇದು ತಕ್ಕುದಲ್ಲ.

ಆದುದರಿಂದ ಕೊಳ್ಳತಕ್ಕವರು ಮೊದಲು ವಿಚಾರಿಸಬೇಕಾದುದು ಅಂಗಡಿಯವನನ್ನಲ್ಲ, ತಮ್ಮ ದಾರಿಯನ್ನು. ಮೈಸೂರಿನ ಒಬ್ಬ ಗೃಹಸ್ಥನು ವಾರದಲ್ಲಿ ಐದು ದಿನ ಊರೊಳಗೆ ಓಡಾಡಿ, ಭಾನುವಾರ ಶ್ರೀರಂಗಪಟ್ಟಣದ ಕಡೆಗೆ ಹೋಗಿ ನಾಲೆಯ ಏರಿಯ ಮೇಲೆ ಸವಾರಿಮಾಡುವನೆಂದು ಭಾವಿಸೋಣ. ಅವನಿಗೆ ಬೇಕಾದ ಟೈರು ಸುಮಾರು 38ರಿಂದ 42 ಮಿಲಿಮೀಟರು ಅಗಲದ್ದು. ನಡುವೆ ನಯವಾಗಿಯೂ ಅಂಚಿನಲ್ಲಿ ಸಣ್ಣ ಮುಳ್ಳುಗಳುಳ್ಳದ್ದಾಗಿಯೂ ಇದ್ದರೆ ಎರಡು ದಾರಿಗೂ ಸಲ್ಲುವುದು. ಧಾರವಾಡ, ಗದಗಿನ ಕಡೆಯ ವಾಚಕರಿಗೆ ಮಾತ್ರ ಒಂದು ಎಚ್ಚರಿಕೆ ಹೇಳಬೇಕಾಗಿದೆ: ಮಳೆ ಬಿದ್ದ ಎರೆಮಣ್ಣು ಟೈರಿಗೂ ಮಡ್‌ಗಾರ್ಡಿಗೂ ನಡುವೆ ಮೆತ್ತಿಕೊಂಡು ಚಕ್ರವನ್ನೇ ನಿಲ್ಲಿಸಿಬಿಡುವುದು. ಅಲ್ಲಿ ಟೈರಿನ ಅಗಲಕ್ಕಿಂತ ಅದರ ಸುತ್ತಲಿನ ಬಿಡುವೇ ಮುಖ್ಯ.

ಟೈರಿನ ಮಗ್ಗುಲಲ್ಲಿ 40-622 ಎಂಬಂತಹ ಅಂಕೆಗಳು ಅಚ್ಚಾಗಿರುವುವು. ಮೊದಲನೆಯದು ಟೈರಿನ ಅಗಲ, ಎರಡನೆಯದು ಟೈರು ಕೂರುವ ರಿಮ್ಮಿನ ವ್ಯಾಸ, ಎರಡೂ ಮಿಲಿಮೀಟರಿನಲ್ಲಿ. ನಮ್ಮ ತಂದೆತಾತಂದಿರ ಕಪ್ಪು ಬೈಸಿಕಲ್ಲಿನ ಚಕ್ರವನ್ನೂ 28 ಅಂಗುಲವೆನ್ನುವರು, ಹೈಬ್ರಿಡ್ಡಿನ ಚಕ್ರವನ್ನೂ ಕೆಲವರು 28 ಅಂಗುಲವೆನ್ನುವರು. ಆದರೆ ಮೊದಲನೆಯದರ ರಿಮ್ಮು 635, ಎರಡನೆಯದರದು 622. ಹದಿಮೂರು ಮಿಲಿಮೀಟರಿನ ಈ ಅಂತರದಿಂದ ಒಂದರ ಟೈರು ಇನ್ನೊಂದಕ್ಕೆ ಕೂರದು. ಹಳ್ಳಿಯ ಅಂಗಡಿಯಲ್ಲಿ ಟೈರು ದೊರೆಯದೆ ಪೇಚಾಡುವುದಕ್ಕಿಂತ, ದೂರದ ಸವಾರಿಗೆ ಹೊರಡುವಾಗ ಒಂದು ಟ್ಯೂಬು, ಒಂದು ಕೈಪಂಪು ಜೊತೆಗಿರುವುದು ಲೇಸು. ಟ್ಯೂಬಿನ ವಾಲ್ವು ಮೋಟಾರು ಚಕ್ರದ್ದರಂತಿದ್ದರೆ ಪೆಟ್ರೋಲ್ ಬಂಕಿನಲ್ಲಿಯೂ ಗಾಳಿ ತುಂಬಿಸಬಹುದು.

ಇನ್ನು ಮುಂದಿನ ಫೋರ್ಕಿನ ಮಾತು. ಸ್ಪ್ರಿಂಗ್ ಅಳವಡಿಸಿದ ಫೋರ್ಕು ಅಂಗಡಿಯಲ್ಲಿ ಕಣ್ಣಿಗೆ ಭರ್ಜರಿಯಾಗಿ ಕಾಣುವುದು. ಕೈಯಿಂದ ಒತ್ತಿ ತೋರಿಸಿದರೆ ಮಕ್ಕಳಿಗಂತೂ ಮೋಹವೇ ಹುಟ್ಟುವುದು. ಅಗ್ಗದ ಗಾಡಿಗಳ ಇಂತಹ ಫೋರ್ಕು ಸ್ಪ್ರಿಂಗಿಲ್ಲದ ಫೋರ್ಕಿಗಿಂತ ಒಂದು ಕಿಲೋಗ್ರಾಮಿನಷ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು, ಭಾರವಾಗಿರುವುದು. ಏರಿನಲ್ಲಿ ಎದ್ದು ನಿಂತು ತುಳಿದರೆ ಬಲದ ಒಂದು ಪಾಲನ್ನು ಸ್ಪ್ರಿಂಗೇ ನುಂಗುವುದು. ಮಳೆನೀರೂ ಕೆಸರೂ ಒಳಹೊಕ್ಕು ಎರಡು ವರ್ಷದಲ್ಲಿ ಅದು ಬಿಗಿದುಕೊಂಡರೆ ಆಶ್ಚರ್ಯವಿಲ್ಲ. ನಾಲೆಯ ಏರಿಯಂತಹ ದಾರಿಗೆ ಅಗಲವಾದ ಟೈರಿನಲ್ಲಿ ಗಾಳಿಯನ್ನು ಕೊಂಚ ಕಡಮೆಮಾಡುವುದೇ ಸಾಕು. ಆದರೆ ಟೈರಿನ ಮೇಲೆ ಅಚ್ಚಾಗಿರುವ ಕನಿಷ್ಠ ಮಿತಿಗಿಂತ ಇಳಿಸಬಾರದು. ಸ್ಪ್ರಿಂಗಿಗೆ ಕೊಡುವ ಹಣವನ್ನು ಬ್ರೇಕಿಗೆ ಕೊಡಿರೆಂಬುದು ನಮ್ಮ ದೃಢವಾದ ಅಭಿಪ್ರಾಯ.

ಏಕೆಂದರೆ ಬ್ರೇಕಿನ ವಿಷಯವು ಪ್ರಾಣದ ವಿಷಯ. ಮಳೆಗಾಲದಲ್ಲಿ ರಿಮ್ಮನ್ನು ಹಿಡಿಯುವ ಬ್ರೇಕಿನ ರಬ್ಬರು ಮೊದಲು ನೀರನ್ನು ಒರಸಿ ಆಮೇಲೆ ಹಿಡಿಯಬೇಕಾಗುವುದು. ಆ ಕ್ಷಣದಲ್ಲಿ ಗಾಡಿಯು ಕೆಲವು ಗಜ ಮುಂದೆ ಹೋಗಿರುವುದು. ಚಕ್ರದ ನಡುವಿನ ತಟ್ಟೆಯನ್ನು ಹಿಡಿಯುವ ಡಿಸ್ಕ್ ಬ್ರೇಕಿಗೆ ಈ ತೊಂದರೆ ಬಹು ಕಡಮೆ. ಅದರಲ್ಲಿಯೂ ಎಣ್ಣೆಯ ಒತ್ತಡದಿಂದ ನಡೆಯುವುದು ಕೈಗೆ ಹಗುರ. ತಂತಿಯಿಂದ ನಡೆಯುವುದನ್ನು ಬೀದಿಯ ರಿಪೇರಿಯವನೂ ಸರಿಪಡಿಸಬಲ್ಲನು. ಬಲಗೈಯ ಹಿಡಿಯು ಯಾವ ಚಕ್ರಕ್ಕೆ ಸೇರಿದೆಯೆಂಬುದನ್ನು ಅಂಗಡಿಯಲ್ಲಿಯೇ ನೋಡಿಕೊಳ್ಳಬೇಕು. ಮೋಟಾರ್ ಸೈಕಲ್ಲಿನಲ್ಲಿ ಬಲಗೈಗೆ ಮುಂದಿನ ಬ್ರೇಕು ಅಭ್ಯಾಸವಾದವರಿಗೆ ಇದು ಅದಲುಬದಲಾಗಿದ್ದರೆ ಗಾಬರಿಯಲ್ಲಿ ಕೈ ತಪ್ಪುವುದು.

ಎಷ್ಟು ಒಳ್ಳೆಯ ಗಾಡಿಯಾದರೂ ಅಳತೆ ಸರಿಯಿಲ್ಲದಿದ್ದರೆ ನಿಷ್ಪ್ರಯೋಜಕ. ಚಿಕ್ಕದು, ಮಧ್ಯಮ, ದೊಡ್ಡದು ಎಂಬ ಗುರುತುಗಳು ಒಬ್ಬ ತಯಾರಕನಿಂದ ಇನ್ನೊಬ್ಬನಿಗೆ ಬೇರೆಯಾಗುವುವು. ಅವನ್ನು ನಂಬಿ ಕೊಳ್ಳಲಾಗದು. ಗಾಡಿಯ ಮೇಲ್ಗೊಳವೆಯ ಇಕ್ಕೆಲದಲ್ಲಿ ಕಾಲೂರಿ ನಿಂತರೆ ತೊಡೆಯ ಸಂದಿಗೂ ಕೊಳವೆಗೂ ನಡುವೆ ಒಂದೆರಡು ಅಂಗುಲ ಬಿಡುವಿರಬೇಕು. ಸೀಟಿನ ಮೇಲೆ ಕುಳಿತು, ಕೆಳಗಿಳಿದ ಪೆಡಲಿನ ಮೇಲೆ ಹಿಮ್ಮಡಿಯಿಟ್ಟರೆ ಕಾಲು ನೆಟ್ಟಗಾಗಬೇಕು. ಆಗ ಮುಂಗಾಲಿನಿಂದ ತುಳಿಯುವಾಗ ಮೊಣಕಾಲು ಕೊಂಚವೇ ಬಾಗಿರುವುದು. ನೆಲಕ್ಕೆ ಎರಡು ಪಾದವೂ ಮುಟ್ಟಲೆಂದು ಸೀಟನ್ನು ತಗ್ಗಿಸಿ ತುಳಿಯುವವರೇ ನಮ್ಮಲ್ಲಿ ಹೆಚ್ಚು. ಮಂಡಿನೋವನ್ನು ಅವರು ವಯಸ್ಸಿನ ಮೇಲೆ ಹೊರಿಸುವರು.

ಗಂಡನಿಗೂ ಹೆಂಡತಿಗೂ ಒಂದೇ ಗಾಡಿ ಸಾಕೆಂದು ಎಣಿಸುವ ಮನೆಗಳುಂಟು. ಎತ್ತರದಲ್ಲಿ ಆರೇಳು ಅಂಗುಲ ವ್ಯತ್ಯಾಸವಿರುವವರಿಗೆ ಸೀಟನ್ನು ಏರಿಸಿ ಇಳಿಸಿದ ಮಾತ್ರಕ್ಕೆ ಅದು ಒಗ್ಗದು. ಹ್ಯಾಂಡಲಿಗೆ ಕೈ ಚಾಚುವ ದೂರ ಹಾಗೆಯೇ ಉಳಿಯುವುದು. ಸೀರೆಯುಡುವ ಗೃಹಿಣಿಯರಿಗೆ ಮೇಲ್ಗೊಳವೆ ತಗ್ಗಾಗಿರುವ ಗಾಡಿಯೇ ಯುಕ್ತ. ಹೈಬ್ರಿಡ್‌ಗಳಲ್ಲಿ ಚೈನನ್ನು ಪೂರ್ತಿ ಮುಚ್ಚುವ ಪೆಟ್ಟಿಗೆ ಅಪರೂಪವಾದುದರಿಂದ ಸೆರಗು ನೆರಿಗೆಗಳ ಯೋಚನೆಯನ್ನು ಮೊದಲೇ ಮಾಡತಕ್ಕದ್ದು.

ಗೇರುಗಳ ಸಂಖ್ಯೆಗೆ ಬೆರಗಾಗಬೇಕಿಲ್ಲ. ಮುಂದೆ 28 ಹಲ್ಲು, ಹಿಂದೆ 34 ಹಲ್ಲಿನ ಗೇರಿನಲ್ಲಿ ಪೆಡಲು ಒಂದು ಸುತ್ತು ತಿರುಗಿದರೆ ಗಾಡಿ ಸುಮಾರು 1.8 ಮೀಟರು ಸಾಗುವುದು. ಮುಂದೆ 48, ಹಿಂದೆ 14 ಆದರೆ ಏಳೂವರೆ ಮೀಟರು. ಮೊದಲನೆಯದು ಏರಿಗೆ, ಎರಡನೆಯದು ಬಯಲಿಗೆ. ನಡುವೆ ಎಷ್ಟಿದ್ದರೂ ಸರಿಯೆ.

ಕಚೇರಿಗೆ ಹೋಗುವವರು ಮಡ್‌ಗಾರ್ಡು ಮತ್ತು ಕ್ಯಾರಿಯರನ್ನು ಬಿಗಿಯುವ ತಿರುಪಿನ ರಂಧ್ರಗಳು ಫ್ರೇಮಿನಲ್ಲಿ ಇವೆಯೇ ಎಂದು ನೋಡಬೇಕು. ಇವು ಬೆಲೆಯಲ್ಲಿ ಸೇರಿರುವುದು ವಿರಳ. ದೀಪ, ಬೀಗ, ಹೆಲ್ಮೆಟ್ಟುಗಳೂ ಹಾಗೆಯೇ. ಕೈಯಲ್ಲಿರುವ ಹಣದ ಆರನೆಯ ಒಂದು ಪಾಲನ್ನು ಇವಕ್ಕೆಂದು ಬೇರೆ ತೆಗೆದಿಟ್ಟು ಉಳಿದುದರಲ್ಲಿ ಗಾಡಿಯನ್ನು ಆರಿಸುವುದು ಜಾಣತನ.

ಪೆಟ್ಟಿಗೆಯಲ್ಲಿ ಮನೆಗೆ ಬರುವ ಗಾಡಿಯನ್ನು ತಾವೇ ಜೋಡಿಸುವವರು ಎಡಗಡೆಯ ಪೆಡಲಿನ ತಿರುಪು ವಿರುದ್ಧ ದಿಕ್ಕಿನದೆಂಬುದನ್ನು ಮರೆಯಬಾರದು. ಬಲವಂತದಿಂದ ತಿರುಗಿಸಿದರೆ ಪೆಡಲಿನ ತೋಳೇ ಕೆಡುವುದು. ಮುಂದಿನ ಫೋರ್ಕನ್ನು ಹಿಂದುಮುಂದಾಗಿ ಕೂರಿಸಿ ರಸ್ತೆಗಿಳಿದವರೂ ಉಂಟು. ಅನುಭವಿಯಾದ ಮೆಕ್ಯಾನಿಕ್ಕಿನಿಂದ ಜೋಡಿಸಿಕೊಂಡರೂ, ಹೊಸ ಗಾಡಿಯ ತಂತಿಗಳು ಸಡಿಲುವುದು ಸಹಜ. ಮೊದಲ ತಿಂಗಳು ಕಳೆದೊಡನೆ ಬ್ರೇಕು, ಗೇರು, ಚಕ್ರದ ಕಡ್ಡಿಗಳನ್ನು ಇನ್ನೊಮ್ಮೆ ಬಿಗಿಸಿಕೊಳ್ಳಬೇಕು.