ಬನ್ನಿಮಂಟಪದ ಕಾವು, ಬಾನಿನ ಲೆಕ್ಕ

ಬನ್ನಿ ಮರದ ಒಡಲಲ್ಲಿ ಅಗ್ನಿ ಅಡಗಿದ್ದಾನೆ ಎಂಬುದು ಹಳೆಯ ನಂಬಿಕೆ. ದಸರೆಯ ಜಂಬೂ ಸವಾರಿ ಬಂದು ಮುಗಿಯುವ ಮೈಸೂರಿನ ಬನ್ನಿಮಂಟಪಕ್ಕೆ ಆ ಮರದ್ದೇ ಹೆಸರು. ಬನ್ನಿಯೊಂದೇ ಏಕೆ, ಇಲ್ಲಿನ ಡಾಂಬರು, ತಗಡು, ಹುಲ್ಲು, ಮಣ್ಣು ಎಲ್ಲವೂ ಕಣ್ಣಿಗೆ ಕಾಣದ ಕಾವನ್ನು ಹಗಲಿರುಳೂ ಆಕಾಶಕ್ಕೆ ಸೂಸುತ್ತಿರುತ್ತವೆ.

ಆ ಕಾವಿನ ದೊಡ್ಡ ಸುಳಿವೊಂದು ಸಿಕ್ಕಿದ್ದು 1800ರಲ್ಲಿ. ವಿಲಿಯಂ ಹರ್ಷೆಲ್ ಗಾಜಿನ ಪಟ್ಟಕದಿಂದ ಬಿಸಿಲನ್ನು ಬಣ್ಣಗಳಾಗಿ ಒಡೆದು, ಕೆಂಪಿನಾಚೆ ಉಷ್ಣಮಾಪಕ ಇಟ್ಟರು. ಬೆಳಕೇ ಇಲ್ಲದ ಕಡೆ ಪಾದರಸ ಏರಿತು. ಅದೇ ಅವಕೆಂಪು. 1879ರಲ್ಲಿ ಜೋಸೆಫ್ ಸ್ಟೆಫಾನ್ ಲೆಕ್ಕದ ದಾರಿ ತೋರಿದರು: ಸೂಸುವ ಶಕ್ತಿ ಕೆಲ್ವಿನ್ ತಾಪದ ನಾಲ್ಕನೇ ಘಾತದಂತೆ ಏರುತ್ತದೆ. ಪೂರ್ಣವಾಗಿ ಸೂಸುವ ಮೈ 27 ಡಿಗ್ರಿ ಸೆಲ್ಸಿಯಸ್‌ನಲ್ಲಿ ಚದರ ಮೀಟರಿಗೆ ಸುಮಾರು 460 ವ್ಯಾಟ್ ಬಿಟ್ಟರೆ, 47 ಡಿಗ್ರಿಯಲ್ಲಿ 595 ವ್ಯಾಟ್ ಬಿಡುತ್ತದೆ.

ಈ ಕಾವನ್ನು ಬಾನಿನಿಂದ ನೋಡಲು 1983ರ ಇನ್ಸಾಟ್-1ಬಿ ಉಪಗ್ರಹಕ್ಕೆ ಅವಕೆಂಪು ಕಣ್ಣಿತ್ತು. ಅದರ ಲಗಾಮು ನಮ್ಮ ಹಾಸನದ ನಿಯಂತ್ರಣ ಕೇಂದ್ರದಲ್ಲಿತ್ತು. ಆದರೆ ಆ ಕಣ್ಣು ಕೊಡುವ ಚಿತ್ರದ ಒಂದು ಚುಕ್ಕೆಯ ಅಗಲ 11 ಕಿಲೋಮೀಟರ್. ಮೋಡಗಳಿಗೆ ಅದು ಸಾಕು, ಮೈಸೂರು ಮಾತ್ರ ಒಂದೆರಡು ಚುಕ್ಕೆಯಲ್ಲೇ ಮುಗಿದುಹೋಗುತ್ತಿತ್ತು. 2013ರಲ್ಲಿ ಹಾರಿದ ಲ್ಯಾಂಡ್‌ಸ್ಯಾಟ್-8ರ ಕಾವಿನ ಚಿತ್ರದ ಚುಕ್ಕೆ 100 ಮೀಟರ್. ಈಗ ಬನ್ನಿಮಂಟಪದಲ್ಲಿ ದಸರೆಯ ಪಂಜಿನ ಕವಾಯತು ನಡೆಯುವ ಮೈದಾನ ಬೇರೆ, ಕಾರ್ಖಾನೆಗಳ ಸಾಲು ಬೇರೆಯಾಗಿ ಕಾಣುತ್ತದೆ.

ನನಗೆ ಬಹಳ ಮುಖ್ಯವೆನಿಸುವ ತೊಡಕು ಇರುವುದು ಇಲ್ಲಿಯೇ. ಉಪಗ್ರಹಕ್ಕೆ ತಾಪ ಕಾಣುವುದಿಲ್ಲ, ತನ್ನತ್ತ ಬಂದ ಕಿರಣವಷ್ಟೇ ಕಾಣುತ್ತದೆ. ದಾರಿಯಲ್ಲಿ ನೀರಾವಿ ಒಂದಿಷ್ಟನ್ನು ನುಂಗಿರುತ್ತದೆ. 11 ಮತ್ತು 12 ಮೈಕ್ರಾನ್ ಆಸುಪಾಸಿನ ಕಿರಣಗಳನ್ನು ಅದು ಬೇರೆ ಬೇರೆ ಪ್ರಮಾಣದಲ್ಲಿ ನುಂಗುವುದರಿಂದ, ಎರಡನ್ನೂ ಹೋಲಿಸಿ ಆ ನಷ್ಟವನ್ನು ತುಂಬಿಕೊಳ್ಳಬಹುದು. ತಗಡಿನ ಕಥೆ ಇನ್ನೂ ಕಷ್ಟ. ಎಲೆ, ಮಣ್ಣು, ಕಾಂಕ್ರೀಟು ತಮ್ಮ ಕಾವನ್ನು ಬಹುಪಾಲು ಬಿಟ್ಟುಕೊಡುತ್ತವೆ. ಬಣ್ಣ ಬಳಿಯದ, ಹೊಳೆಯುವ ತಗಡು ಜಿಪುಣ. ಸ್ವಲ್ಪ ಮಾತ್ರ ಸೂಸಿ, ತಣ್ಣನೆಯ ಆಕಾಶವನ್ನೇ ಪ್ರತಿಫಲಿಸುತ್ತದೆ. ಕೈ ಇಟ್ಟರೆ ಸುಡುವ ಮಾಡು ನಕ್ಷೆಯಲ್ಲಿ ತಂಪಾಗಿ ಕಂಡೀತು. ಅದರಡಿ ದುಡಿಯುವವರ ಬೇಗೆ ಆ ನಕ್ಷೆಗೆ ಬರಬೇಕಾದರೆ, ಯಾವ ಮಾಡು ಯಾವುದರದ್ದೆಂದು ಮೊದಲು ಯಾರಾದರೂ ನೆಲದ ಮೇಲೆ ನಡೆದು ಗುರುತಿಸಬೇಕು.

ಲ್ಯಾಂಡ್‌ಸ್ಯಾಟ್-8 ಬರುವುದು 16 ದಿನಕ್ಕೊಮ್ಮೆ, ಅದೂ ಬೆಳಗಿನ ಹತ್ತೂವರೆಯ ಹೊತ್ತಿಗೆ. ರಾತ್ರಿ ತಪ್ಪದೆ ಹಾದುಹೋಗುವ ಉಪಗ್ರಹಗಳೂ ಇವೆ, ಅವುಗಳ ಚುಕ್ಕೆ ಕಿಲೋಮೀಟರಿನಷ್ಟು ಅಗಲ. ವಿಜಯದಶಮಿಯ ರಾತ್ರಿ ಪಂಜುಗಳು ಉರಿಯುವಾಗ, ಹಗಲೆಲ್ಲ ಕಾದ ಸಿಮೆಂಟು ತನ್ನ ಕಾವನ್ನು ಇನ್ನೂ ಬಾನಿಗೆ ಬಿಡುತ್ತಿರುತ್ತದೆ.